ಬೆಲೆ ಹೇಳೋ ಬಾಯಿ ಯಾರದು?

ನಮಸ್ಕಾರ. ಲೈಟು ಸರಿಯಾಗಿ ಬಿದ್ದಿಲ್ಲ ಅಂತ ಯಾರೂ ಕಾಮೆಂಟ್ ಹಾಕಬೇಡಿ. ದನದ ಕೊಟ್ಟಿಗೆ ಪಕ್ಕ ಕೂತಿದ್ದೇನೆ, ಇರುವ ಬಲ್ಬು ಇದೊಂದೇ.

ಕಾಮೆಂಟ್ ಅಂದಾಗ ನೆನಪಾಯಿತು. ನೆನಪಾಯಿತು ಅಂತ ಸುಳ್ಳು ಯಾಕೆ ಹೇಳಲಿ, ಮೂರು ದಿನದಿಂದ ಅದೇ ತಲೆ ಕೊರೆಯುತ್ತಿದೆ. ಹೋದ ವಾರ ಟಮೋಟ ಬೆಲೆ ಬಿದ್ದದ್ದರ ಬಗ್ಗೆ ವಿಡಿಯೊ ಮಾಡಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಬ್ರೋ, 2023ರಲ್ಲಿ ಬಾಕ್ಸಿಗೆ ಎರಡು ಸಾವಿರ ಬಂದಾಗ ಕ್ಯಾಪಿಟಲಿಸಂ ಸಿಹಿಯಾಗಿತ್ತು. ಈಗ ಬೆಲೆ ಬಿದ್ದಾಗ ಸರ್ಕಾರ ಬೇಕು. ಮಾರ್ಕೆಟ್ ಅಂದ್ರೆ ಹಿಂಗೇ. ರಿಸ್ಕ್ ತಗೊಳ್ಳೋಕೆ ಆಗಲ್ಲ ಅಂದ್ರೆ ಬಿಸಿನೆಸ್ ಮಾಡ್ಬೇಡಿ." ಕೊನೆಗೆ ಕೈಮುಗಿಯುವ ಎಮೋಜಿ ಬೇರೆ. ಅದಕ್ಕೆ 214 ಲೈಕು. ನನ್ನ ವಿಡಿಯೊಗೇ 190 ಬಂದಿತ್ತು.

ರಿಸ್ಕ್! ಕೋಲಾರ ಜಿಲ್ಲೆಯಲ್ಲಿ ಬೋರ್ ಕೊರೆಸಿದವನಿಗೆ ರಿಸ್ಕ್ ಪಾಠ! ಅಣ್ಣ, ನಾನು 1,200 ಅಡಿ ಕೊರೆಸಿದ್ದೇನೆ. ಮೊದಲನೆಯದರಲ್ಲಿ ಬಂದದ್ದು ಬರೀ ಧೂಳು. ಎರಡನೆಯದರಲ್ಲಿ ಒಂದಿಂಚು ನೀರು. ಬೋರ್ ಲಾರಿಯವನ ಮುಂದೆ ತೆಂಗಿನಕಾಯಿ ಒಡೆದು ಕೈಕಟ್ಟಿ ನಿಲ್ಲುತ್ತೀರಲ್ಲ, ಅದು ರಿಸ್ಕ್. ಮೊಬೈಲಿನಲ್ಲಿ ಎಸ್‌ಐಪಿ ಅಂತ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕಿ ಮಲಗುವುದಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಕೆಂಪು ಬಾವುಟದವನಲ್ಲ. ಲಾಭ ಪಾಪ ಅಂತ ನಾನು ಯಾವತ್ತೂ ಹೇಳಿಲ್ಲ. ಲಾಭ ಬಂದರೆ ನಮ್ಮೂರ ಗಂಗಮ್ಮನಿಗೆ ಕುರಿ ಹರಕೆ ಹೊತ್ತವನು ನಾನು. ಆದರೆ ಈ ಕ್ಯಾಪಿಟಲಿಸಂ ಒಳ್ಳೆಯದೋ ಕೆಟ್ಟದೋ ಅನ್ನುವ ಜಗಳ ಇದೆಯಲ್ಲ, ಅದರಲ್ಲಿ ಎರಡೂ ಕಡೆಯವರು ಕೇಳದೇ ಇರುವ ಪ್ರಶ್ನೆ ಒಂದಿದೆ. ಬೆಲೆ ಹೇಳೋ ಬಾಯಿ ಯಾರದು? ಅಷ್ಟೇ. ಇಷ್ಟಕ್ಕೇ ಇವತ್ತಿನ ವಿಡಿಯೊ. ಅರ್ಜೆಂಟ್ ಇರುವವರು ಇಲ್ಲೇ ಲೈಕ್ ಒತ್ತಿ ಹೋಗಬಹುದು.

ಹೋಗಲಿಲ್ಲವಾ? ಸರಿ, ಕೇಳಿ.

ಹೋದ ತಿಂಗಳು ಒಂದು ದಿನ 62 ಬಾಕ್ಸು ಹಾಕಿಕೊಂಡು ಮಂಡಿಗೆ ಹೋದೆ. ಬಾಕ್ಸಿಗೆ 15 ಕೆಜಿ. ಹರಾಜಿನವನು ಬಂದ. ಮೇಲಿನ ಎರಡು ಹಣ್ಣು ಎತ್ತಿದ, ಒಂದನ್ನು ಹಿಚುಕಿದ, ವಾಪಸ್ ಎಸೆದ. ಸುತ್ತ ಮೂವರು ಖರೀದಿದಾರರು. ಒಬ್ಬ ಐವತ್ತು ಅಂದ, ಇನ್ನೊಬ್ಬ ಅರವತ್ತು ಅಂದ, ಮೂರನೆಯವನು ಎಪ್ಪತ್ತು ಅಂದು ಆಗಲೇ ಪಕ್ಕದ ಲಾಟ್ ಕಡೆ ನಡೆದ. ಮುಗಿಯಿತು. ಮೂರೂವರೆ ತಿಂಗಳ ಬೆಳೆ, ಒಂದು ನಿಮಿಷ ಕೂಡ ಹಿಡಿಯಲಿಲ್ಲ. ನಾನು ಬಾಯಿ ತೆರೆದಿದ್ದೆ, ಆಕಳಿಸುವುದಕ್ಕೆ. ಬೆಳಗಿನ ಜಾವ ಮೂರು ಗಂಟೆಗೆ ಎದ್ದಿದ್ದೆ ನೋಡಿ.

ಚೀಟಿ ಇನ್ನೂ ಜೇಬಿನಲ್ಲಿದೆ. ಓದುತ್ತೇನೆ. 62 ಬಾಕ್ಸು, 70ರಂತೆ, 4,340 ರೂಪಾಯಿ. ಕಮಿಷನ್ ನೂರಕ್ಕೆ 10, ಅಂದರೆ 434. ಗಾಡಿ ಬಾಡಿಗೆ ಬಾಕ್ಸಿಗೆ 15, ಒಟ್ಟು 930. ಇಳಿಸುವ ಕೂಲಿ 186. ಎಲ್ಲ ಕಳೆದು ಕೈಗೆ ಬಂದದ್ದು 2,790. ಹಣ್ಣು ಕಿತ್ತ ಎಂಟು ಜನ ಹೆಂಗಸರಿಗೆ 350ರಂತೆ 2,800 ಕೊಟ್ಟೆ. ಹತ್ತು ರೂಪಾಯಿ ನನ್ನ ಜೇಬಿನಿಂದ ಹೋಯಿತು. ಸಸಿ, ಗೊಬ್ಬರ, ಔಷಧಿ, ಮಲ್ಚಿಂಗ್ ಪೇಪರು, ಗಿಡ ಕಟ್ಟುವ ಕಡ್ಡಿ, ದಾರ, ಇವು ಯಾವುವೂ ಈ ಲೆಕ್ಕದಲ್ಲಿ ಇಲ್ಲ. ಸಸಿ ತಂದಾಗ ನರ್ಸರಿಯವನು ಬೆಲೆ ಹೇಳಿದ. ಔಷಧಿಗೆ ಅಂಗಡಿಯವನು ಹೇಳಿದ. ಪೇಪರಿನ ಬೆಲೆ ಅದರ ಮೇಲೇ ಅಚ್ಚಾಗಿತ್ತು. ನನ್ನ ಸರದಿ ಬಂದಾಗ ಮಾತ್ರ ಬೆಲೆ ಹೇಳಿದವನು ನಾನಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದ ಎಪಿಎಂಸಿ ನಿಯಮದಲ್ಲಿ ಕಮಿಷನ್ನು ಕೊಳ್ಳುವವನಿಂದ ತೆಗೆದುಕೊಳ್ಳಬೇಕು, ರೈತನಿಂದ ಅಲ್ಲ. ಇದನ್ನು ಮಂಡಿಯಲ್ಲಿ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಟೀ ಕುಡೀರಿ ಗೌಡ್ರೇ" ಅಂದರು. ನಾಟಿಗೆ ಮುಂಚೆ ಅಡ್ವಾನ್ಸ್ ತಗೊಂಡದ್ದು ಅವರ ಹತ್ತಿರವೇ. ಟೀ ಕುಡಿದು ಬಂದೆ.

ಈಗ 2023ಕ್ಕೆ ಬರೋಣ. ನಮ್ಮ ಲೈಕಿನ ಸರದಾರ ಅದನ್ನೇ ಎತ್ತಿದ್ದಾರೆ. ಹೌದು ಸಾರ್, 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತು. ತೋಟಕ್ಕೆ ಕಾವಲು ಹಾಕಿದ್ದೂ ನಿಜ. ಯಾಕೆ ದಾಟಿತು? ಗಿಡಕ್ಕೆ ಎಲೆ ಮುರುಟು ರೋಗ ಬಂದು ತೋಟಕ್ಕೆ ತೋಟವೇ ಹೋಗಿತ್ತು. ಬೆಲೆ ಇದ್ದಾಗ ನನ್ನ ಹೊಲದಲ್ಲಿ ಇದ್ದದ್ದು ಒಣಗಿದ ಕಡ್ಡಿ. ಹಣ್ಣು ಉಳಿದಿದ್ದ ನಾಲ್ಕು ಜನ ಟಿವಿಯಲ್ಲಿ ಬಂದರು. ಉಳಿದ ನಾವೆಲ್ಲ ಅವರನ್ನು ಟಿವಿಯಲ್ಲಿ ನೋಡಿದೆವು.

ಆಮೇಲೆ ಏನಾಯಿತು? ಮಾರ್ಕೆಟ್ ತನ್ನ ಪಾಡಿಗೆ ತಾನು ಇತ್ತಾ? ಇಲ್ಲ. ಕೇಂದ್ರ ಸರ್ಕಾರ ತನ್ನ ಸಹಕಾರಿ ಸಂಸ್ಥೆಗಳ ಕೈಯಲ್ಲಿ ಟಮೋಟ ಕೊಳ್ಳಿಸಿತು. ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಗೆ ಮಾರಿತು, ಆಮೇಲೆ 80, ಆಮೇಲೆ 70. ಆಗಸ್ಟ್‌ನಲ್ಲಿ ನೇಪಾಳದಿಂದಲೂ ತರಿಸಿತು. ಅದೇ ತಿಂಗಳು ಈರುಳ್ಳಿ ರಫ್ತಿಗೆ ನೂರಕ್ಕೆ 40 ಸುಂಕ ಹಾಕಿದರು. ಪಟ್ಟಣದವರಿಗೆ ಕಷ್ಟ, ಇಳಿಸಬೇಕಿತ್ತು, ಇಳಿಸಿದರು. ನಾನು ಬೇಡ ಅನ್ನುವುದಿಲ್ಲ. ಆದರೆ ಬೆಲೆ ಏರಿದಾಗ ಸರ್ಕಾರ, ಬಿದ್ದಾಗ ಮಾರ್ಕೆಟ್. ಇದು ಯಾವ ಊರಿನ ಕ್ಯಾಪಿಟಲಿಸಂ? ಏರುವಾಗ ನಿಮ್ಮ ಬಾಯಿ, ಬೀಳುವಾಗ ಖರೀದಿದಾರನ ಬಾಯಿ. ನನ್ನ ಬಾಯಿ ಯಾವಾಗ?

ಒಂದು ಸಣ್ಣ ಬ್ರೇಕ್. ನಮ್ಮಮ್ಮ ಮಾಡಿದ ಟಮೋಟ ತೊಕ್ಕು ಸಿದ್ಧವಾಗಿದೆ. ಕಡಲೆಕಾಯಿ ಎಣ್ಣೆ, ಬೆಳ್ಳುಳ್ಳಿ ಒಗ್ಗರಣೆ. ಮುಳಬಾಗಿಲು ದೋಸೆಗೆ ಹಚ್ಚಿಕೊಂಡು ತಿಂದರೆ ಮನೆಯಲ್ಲಿ ಜಗಳ ಕಮ್ಮಿಯಾಗುತ್ತದೆ. ಕಾಲು ಕೆಜಿಗೆ 120 ರೂಪಾಯಿ. ಚೌಕಾಸಿ ಇಲ್ಲ. ನಂಬರ್ ಕೆಳಗಿದೆ.

ಇಗೋ, ಈಗ ಬರುತ್ತದೆ ನೋಡಿ ಕಾಮೆಂಟು: "ನೀವೂ ಕ್ಯಾಪಿಟಲಿಸ್ಟೇ ಆದ್ರಲ್ಲ ಗುರು!" ಹೌದಪ್ಪ, ಆದೆ! 4 ರೂಪಾಯಿ 67 ಪೈಸೆಗೆ ಕೆಜಿ ಹಣ್ಣು ಮಾರಿದ ದಿನ ನಾನು ಏನೂ ಆಗಿರಲಿಲ್ಲ. ಬಾಟಲಿಗೆ ತುಂಬಿ ಚೀಟಿ ಅಂಟಿಸಿ ನಾನೇ ಬೆಲೆ ಬರೆದ ದಿನ ಕ್ಯಾಪಿಟಲಿಸ್ಟ್ ಆದೆ. ನಾನು ಹೇಳುತ್ತಿರುವುದೂ ಅದನ್ನೇ ತಾನೇ! ಬಂಡವಾಳ ಹಾಕಿದರೆ ಸಾಲದು, ಬೆಲೆ ಹೇಳುವ ಬಾಯಿ ಬೇಕು.

ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಹೇಳುತ್ತಾನೆ, "ಅಣ್ಣಾ, ಬೆಲೆ ಯಾರೂ ಹೇಳಲ್ಲ, ಸಪ್ಲೈ ಡಿಮ್ಯಾಂಡ್ ಹೇಳುತ್ತೆ." ಹೌದಾ? ನಾನೂ ಪಿಯುಸಿ ಕಾಮರ್ಸ್ ಓದಿದ್ದೇನಪ್ಪ, ಸೆಕೆಂಡ್ ಕ್ಲಾಸು. ಅವತ್ತು ಮಂಡಿಯಲ್ಲಿ ನಾನು ಸಪ್ಲೈಯನ್ನೂ ನೋಡಲಿಲ್ಲ, ಡಿಮ್ಯಾಂಡನ್ನೂ ನೋಡಲಿಲ್ಲ. ನೋಡಿದ್ದು ಮೂವರನ್ನು. ಮೂವರೂ ಹರಾಜಿಗೆ ಮುಂಚೆ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದರು. ಆಡಂ ಸ್ಮಿತ್ ಗೊತ್ತಲ್ಲ, ಮಾರುಕಟ್ಟೆ ಪಂಡಿತರ ಕುಲಗುರು? ಅವನೇ 1776ರಲ್ಲಿ ಬರೆದಿದ್ದಾನೆ, ಒಂದೇ ವ್ಯಾಪಾರದವರು ಮೋಜಿಗೆ ಅಂತ ಸೇರಿದರೂ ಮಾತು ಕೊನೆಗೆ ಜನರ ವಿರುದ್ಧ ಸಂಚಿಗೋ ಬೆಲೆ ಏರಿಸುವ ಉಪಾಯಕ್ಕೋ ಹೋಗಿ ಮುಟ್ಟುತ್ತದೆ ಅಂತ. ಅವನು ಮಂಡಿ ಮುಂದಿನ ಟೀ ಅಂಗಡಿ ನೋಡಿರಲಿಲ್ಲ. ನೋಡಿದ್ದರೆ ಇಳಿಸುವ ಉಪಾಯದ ಬಗ್ಗೆಯೂ ಒಂದು ಅಧ್ಯಾಯ ಬರೆಯುತ್ತಿದ್ದ.

ಇನ್ನು ಎಡಗಡೆಯ ಗೆಳೆಯರು. ನಿಮ್ಮನ್ನು ಬಿಡುತ್ತೇನೆ ಅಂದುಕೊಂಡಿರಾ? "ಎಲ್ಲ ಸರ್ಕಾರದ ಕೈಗೆ ಬರಬೇಕು ಕಾಮ್ರೇಡ್." ಬನ್ನಿ, ಕೆಜಿಎಫ್‌ಗೆ ಹೋಗೋಣ. 1880ರಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನ ತೆಗೆಯಿತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಮನುಷ್ಯರು ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆಮೇಲೆ ಕೇಂದ್ರ, ಆಮೇಲೆ 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ಕ್ಕೆ ಬೀಗ. ಕಂಪನಿ ಇದ್ದಾಗ ಲೆಕ್ಕ ಬರೆದದ್ದು ಲಂಡನ್ನಿನಲ್ಲಿ, ಸರ್ಕಾರ ಬಂದ ಮೇಲೆ ದೆಹಲಿಯಲ್ಲಿ. ಕೆಳಗೆ ಇಳಿದವನನ್ನು ಯಾರು ಕೇಳಿದರು? ಚಿನ್ನ ಹೋಯಿತು, ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬ ಉಳಿಯಿತು. ಗಾಳಿ ಬೀಸುವ ದಿನ ಅಲ್ಲಿ ಬಟ್ಟೆ ಒಣಗಲು ಹಾಕಿ ನೋಡಿ. ಸಂಜೆಗೆ ಸೀರೆಯ ಬಣ್ಣವೇ ಬೂದಿ. ನಮ್ಮ ಸೋದರತ್ತೆಯ ಮನೆ ಅಲ್ಲೇ ಇತ್ತು, ನೋಡಿದ್ದೇನೆ.

ಈಗ ಚಿನ್ನದ ಬೆಲೆ ಎಲ್ಲಿದೆ ಗೊತ್ತಲ್ಲ? ಬೇಡ, ಹೆಂಗಸರ ಮುಂದೆ ಆ ಮಾತು ಬೇಡ.

ನರಸಾಪುರ ಹತ್ತಿರವೇ ಇದೆ. 2020ರ ಡಿಸೆಂಬರ್ 12 ನೆನಪಿದೆಯಾ? ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಾಜು ಒಡೆದವು, ಗಾಡಿಗಳು ಮಗುಚಿದವು. ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು ಅಂತ ಗುತ್ತಿಗೆ ಕೆಲಸದವರು ರೇಗಿದ್ದರು. ಒಡೆದದ್ದು ತಪ್ಪು, ಕೇಸೂ ಆಯಿತು. ಆದರೆ ಆಮೇಲೆ ಆಪಲ್ ಕಂಪನಿಯೇ ತಪಾಸಣೆ ಮಾಡಿಸಿ, ಲೋಪ ಇದೆ ಅಂತ ಹೇಳಿ, ವಿಸ್ಟ್ರಾನ್‌ಗೆ ಹೊಸ ಆರ್ಡರ್ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ಕೊಂಡರು. ಫೋನಿನ ಬೆಲೆ ಅಮೆರಿಕದಲ್ಲಿ ಕೂತು ಹೇಳುತ್ತಾರೆ, ಒಂದು ರೂಪಾಯಿ ಬಿಡುವುದಿಲ್ಲ. ಅದನ್ನು ಜೋಡಿಸುವ ಹುಡುಗನ ಬೆಲೆಯನ್ನು ಯಾವನೋ ಏಜೆನ್ಸಿಯವನು ಹೇಳುತ್ತಾನೆ. ಮತ್ತೆ ಅದೇ! ಬಾಯಿ ಯಾರದು?

ಹೌದು, ಈ ವಿಡಿಯೊ ಮಾಡುತ್ತಿರುವುದೂ ಫೋನಿನಲ್ಲೇ. ಐಫೋನ್ ಅಲ್ಲ. ಸೆಕೆಂಡ್ ಹ್ಯಾಂಡು. ಆ ಜೋಕು ಹಳೆಯದಾಯಿತು, ಬಿಡಿ.

"ಹಂಗಾದ್ರೆ ಏನ್ ಮಾಡ್ಬೇಕು ನೀನೇ ಹೇಳು" ಅಂತೀರಿ. ಹಾಲು ನೋಡಿ. ಬೆಳಗ್ಗೆ ಡೈರಿಗೆ ಕ್ಯಾನು ಎತ್ತಿಕೊಂಡು ಹೋಗುವ ಮುಂಚೆಯೇ ನನಗೆ ಲೀಟರಿನ ರೇಟು ಗೊತ್ತು. ಫ್ಯಾಟ್ ನೋಡುತ್ತಾರೆ, ಬರೆಯುತ್ತಾರೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ಈ ಜಿಲ್ಲೆಯಲ್ಲಿ ಮಳೆ ಕೈಕೊಟ್ಟಾಗ ಮನೆ ನಡೆಸಿದ್ದು ಹಸು, ಟಮೋಟ ಅಲ್ಲ. ಅಲ್ಲೂ ಬೆಲೆ ನಾನು ಹೇಳುವುದಿಲ್ಲ, ನಿಜ. ಆದರೆ ಹೇಳುವವರನ್ನು ಆರಿಸುವ ಓಟು ನನ್ನ ಹತ್ತಿರ ಇದೆ. ಡೈರಿ ಚುನಾವಣೆಯಲ್ಲಿ ಬಿರಿಯಾನಿ ಹಂಚುತ್ತಾರೆ ಅಂತ ನಗಬೇಡಿ. ಮಂಡಿಯಲ್ಲಿ ಬಿರಿಯಾನಿ ಕೂಡ ಇಲ್ಲ.

ಟಮೋಟ ಹಾಲಲ್ಲ, ಕೆಡುತ್ತದೆ ಅಂತ ಒಬ್ಬರು ಹೇಳುತ್ತಾರೆ. ಹಾಲು ಕೆಡುವುದಿಲ್ಲವಾ ಸ್ವಾಮಿ? ನಿಮ್ಮ ಮನೆಯ ಹಾಲು ಯಾವುದು, ನನಗೂ ಹೇಳಿ!

ಬೆಲೆ ಹೇಳುವ ಬಾಯಿ. ಅಷ್ಟೇ ಕೇಳಿದ್ದು. ಚಿನ್ನದ ಅಂಗಡಿಯವನಿಗೆ ಇದೆ. ಸಿನಿಮಾ ಟಿಕೆಟಿನವನಿಗೆ ಇದೆ. ಆಸ್ಪತ್ರೆಯವನಿಗೆ ಇದೆ, ಅವನು ಮೊದಲು ಕಟ್ಟಿ ಆಮೇಲೆ ಮಲಗಿ ಅಂತಾನೆ. ಕ್ಲಾಕ್ ಟವರ್ ಹತ್ತಿರ ಪಾನಿಪುರಿ ಮಾರುವವನಿಗೂ ಇದೆ. ಅವನಿಗೆ ನೀವು "ಐದು ರೂಪಾಯಿಗೆ ಕೊಡು, ಸಪ್ಲೈ ಡಿಮ್ಯಾಂಡ್" ಅನ್ನಿ ನೋಡೋಣ. ಸೌಟಿನಲ್ಲೇ ಹೊಡೆಯುತ್ತಾನೆ. ರೈತ ಮಾತ್ರ ಮೂಕನಾಗಿರಬೇಕಾ? ಬಂಡವಾಳ ನಂದು, ಬೆವರು ನಂದು, ಬೋರು ನಂದು, ಸಾಲ ನಂದು...

ಏನಮ್ಮಾ? ಇರು, ರೆಕಾರ್ಡ್ ಆಗ್ತಿದೆ.

ಏನಂದಳು ಕೇಳಿಸಿತಾ ನಿಮಗೆ? "ಆ ಎಂಟು ಜನಕ್ಕೆ ಮುನ್ನೂರೈವತ್ತು ಅಂತ ನೀನೇ ಹೇಳ್ದೆ ಅಲ್ವೇನೋ, ಅವರನ್ನ ಕೇಳಿದ್ಯಾ?" ಅಂತೆ.

ಅದು ಬೇರೆ ವಿಷಯ. ಊರಲ್ಲಿ ನಡೆಯುವ ಕೂಲಿ ಅದು. ಎಲ್ಲರೂ ಅಷ್ಟೇ ಕೊಡುವುದು. ಎಲ್ಲರೂ ಮಾತಾಡಿಕೊಂಡು... ಮಾತಾಡಿಕೊಂಡು ಅಂದರೆ, ಸುಮ್ನೆ, ಅರಳಿ ಕಟ್ಟೆ ಹತ್ತಿರ ಕೂತಾಗ ಮಾತು ಬಂತು ಅಷ್ಟೇ. ಈ ಭಾಗ ಎಡಿಟ್ ಮಾಡುತ್ತೇನೆ. ಮಾಡುತ್ತೇನೋ ಇಲ್ಲವೋ, ಎಡಿಟ್ ಮಾಡುವ ಹುಡುಗ 500 ಕೇಳುತ್ತಾನೆ. ಅವನಿಗೂ ಬಾಯಿ ಬಂದಿದೆ ಈಗ.

ಆ 214 ಜನಕ್ಕೆ ನನ್ನದು ಒಂದೇ ಮಾತು. ಒಂದು ದಿನ ಮಂಡಿಗೆ ಬನ್ನಿ. ಬೆಳಗಿನ ಜಾವ ಮೂರಕ್ಕೆ. ಗಾಡಿಯಲ್ಲಿ ಜಾಗ ನಾನು ಕೊಡುತ್ತೇನೆ, ಬಾಡಿಗೆ ಬೇಡ. ಬಂದು ಆ ಎಪ್ಪತ್ತು ಅಂದವನ ಮುಂದೆ ನಿಂತು ಎಂಬತ್ತು ಅಂತ ಹೇಳಿ. ಸಬ್‌ಸ್ಕ್ರೈಬ್ ಮಾಡದಿದ್ದರೂ ಪರವಾಗಿಲ್ಲ. ಮಾಡಿದರೆ ಒಳ್ಳೆಯದು, ಸಾವಿರಕ್ಕೆ ಇನ್ನು ನಲವತ್ತೇ ಕಮ್ಮಿ. ತೊಕ್ಕು ಮರೆಯಬೇಡಿ, 120...

ಅಯ್ಯೋ, ಮೋಟರಿನ ತ್ರೀ ಫೇಸ್ ಕರೆಂಟು ಬಂತು. ಮೋಟರ್ ಸದ್ದು ಕೇಳಿಸುತ್ತಿದೆಯಲ್ಲ, ಅದು ಪಕ್ಕದವನದು. ನಾನಿನ್ನೂ ಹಾಕಿಲ್ಲ. ಅಮ್ಮಾ, ಟಾರ್ಚ್ ಎಲ್ಲಿಟ್ಟೆ?