ತೇಯುವ ಕಲ್ಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪವಿರಲಿ, ಶಿರಸಿಯ ಹವ್ಯಕರ ಮನೆಯಿರಲಿ, ಕೂಸಿಗೆ ಹೊಟ್ಟೆನೋವು ಬಂದರೆ ಅಜ್ಜಿ ಹುಡುಕುತ್ತಿದ್ದದ್ದು ಬಜೆಯ ಬೇರನ್ನು. ಅದನ್ನು ದೀಪದ ಉರಿಗೆ ಹಿಡಿದು ಸುಟ್ಟು, ಕಲ್ಲಿನ ಮೇಲೆ ಎದೆಹಾಲು ಹನಿಸಿ, ಎರಡೇ ಸುತ್ತು ತೇಯಬೇಕು. ಸೊಸೆಯ ಕೈ ಮೂರನೆಯ ಸುತ್ತಿಗೆ ಹೋದರೆ, "ಸಾಕು ತಂಗಿ, ಸಾಕು" ಎಂದು ತಡೆಯುತ್ತಿದ್ದಳು. ಹೆಚ್ಚಾದರೆ ಬಜೆ ಕೆಡುಕು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಇಂದಿನ ವೈದ್ಯರು ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ, ಅದನ್ನೇ ಪಾಲಿಸಿ. ನನ್ನ ಮಾತು ಅಜ್ಜಿಯ ಅಳತೆಯ ಬಗ್ಗೆ. ಗಂಡಸರು ಕೊಟ್ಟ ಮದ್ದು ಮನೆತನದ ಹೆಸರಾಗಿ ಉಳಿಯಿತು, ದೂರದ ಊರುಗಳಿಂದ ಜನ ಹುಡುಕಿ ಬಂದರು. ಹೆಂಗಸರ ಮದ್ದು ಅಡುಗೆಮನೆಯ ಚಾಕರಿಯಲ್ಲಿ ಕರಗಿಹೋಯಿತು.

ಸೂಲಗಿತ್ತಿಯರ ಕೈ ಕೊಳಕು ಎಂಬ ಮಾತನ್ನು ನಾವೆಲ್ಲ ಕೇಳಿದವರೇ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು, ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ಜ್ವರಕ್ಕೆ ತಾಯಂದಿರು ಹೆಚ್ಚು ಬಲಿಯಾದದ್ದು ವೈದ್ಯರ ವಿಭಾಗದಲ್ಲಿ! ಶವ ಕೊಯ್ದ ಕೈಯಲ್ಲೇ ಅವರು ಬಸುರಿಯರನ್ನು ಮುಟ್ಟುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ನಮ್ಮಲ್ಲೂ ಹೊಕ್ಕುಳಬಳ್ಳಿ ಕೊಯ್ದ ಕತ್ತಿಯಿಂದ ಧನುರ್ವಾಯು ತಗಲಿ ಕೂಸುಗಳು ಸತ್ತಿವೆ, ಅದನ್ನು ಮುಚ್ಚಿಡಬಾರದು. ಆದರೆ ಕೈ ತೊಳೆಯುವುದನ್ನು ವೈದ್ಯರೂ ಕಲಿಯಬೇಕಾಯಿತು. ಅವರಿಗೆ ಸಿಕ್ಕ ಪಾಠ ನಮ್ಮ ಸೂಲಗಿತ್ತಿಯರಿಗೆ ಬಹಳ ತಡವಾಗಿ ಸಿಕ್ಕಿತು, ಗೌರವವಂತೂ ಸಿಕ್ಕಿದ್ದು ಬಹಳ ಕಡಿಮೆ.

1880ರ ದಶಕದಲ್ಲಿ ನಮ್ಮ ಕಾರವಾರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಪ್ರಾಂತ್ಯದ ಆನಂದಿಬಾಯಿ ಜೋಶಿ ಹದಿನಾಲ್ಕನೇ ವಯಸ್ಸಿನಲ್ಲಿ ಹೆತ್ತ ಕೂಸು ಹತ್ತೇ ದಿನ ಬದುಕಿತು. ಆ ಸಂಕಟ ಅವರನ್ನು ಅಮೆರಿಕದವರೆಗೆ ಕರೆದೊಯ್ದಿತು. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡರು.

ಸಾವಿರಾರು ಗಿಡ ಬೆಳೆಸಿದ, ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಹೆಂಗಸು ತುಳಸಿ ಗೌಡರ ಕಾಡಿನ ಅರಿವಿಗೆ 2020ರ ಪದ್ಮಶ್ರೀ ಬಂತು. 2024ರಲ್ಲಿ ಅವರೂ ಹೋದರು. ಶಾಲೆಗೆ ಹೋಗದ ಅಂಥ ಹಿರಿಯರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ.

ಆಶಾ ಕಾರ್ಯಕರ್ತೆಯರಲ್ಲಿ, ಆರೋಗ್ಯ ಕೇಂದ್ರದ ದಾದಿಯರಲ್ಲಿ ನನ್ನದೊಂದು ಕೋರಿಕೆ. ಮನೆ ಭೇಟಿಗೆ ಹೋದಾಗ ಅಲ್ಲಿನ ಅಜ್ಜಿಯ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಯಾವ ಬೇರು, ಯಾವ ತಿಂಗಳಲ್ಲಿ ಕೀಳುತ್ತಿದ್ದಿರಿ, ಎಷ್ಟು ಸುತ್ತು ತೇಯುತ್ತಿದ್ದಿರಿ ಎಂದು ಕೇಳಿ. ಎಂಥ ರೋಗಿಯನ್ನು ಕಂಡಾಗ, "ಇದು ನನ್ನಿಂದಾಗದು, ಆಸ್ಪತ್ರೆಗೆ ಒಯ್ಯಿರಿ" ಎನ್ನುತ್ತಿದ್ದಿರಿ ಎಂಬುದನ್ನೂ ಕೇಳಿ. ಬರೆದುಕೊಳ್ಳುವಾಗ, ಅವರು ಒಪ್ಪಿದರೆ, ಅವರ ಹೆಸರನ್ನೂ ಬರೆಯಿರಿ.