ಬೆಟ್ಟವನ್ನು ಬಲಕ್ಕಿಟ್ಟುಕೊಂಡು

ಕೇಳುಗರೇ, ನಮಸ್ಕಾರ.

ನಂದಿಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಿದರೆ ನಮ್ಮ ಕಡೆಯವರು ಬೆರಳು ಮಡಿಸಿ ಎಣಿಸತೊಡಗುತ್ತಾರೆ. ಶಾಲೆಯ ಪ್ರವಾಸ, ಮದುವೆಯಾದ ಹೊಸತು, ಊರಿಂದ ಬಂದ ನೆಂಟರು. ಸುತ್ತಿ ಬಂದಿದ್ದೀರಾ ಎಂದರೆ ಮಾತ್ರ ಲೆಕ್ಕ ನಿಂತುಹೋಗುತ್ತದೆ. ಬೆಳಗಿನ ಜಾವ ಕಾರುಗಳ ಸಾಲಿನಲ್ಲಿ ಕಾದು, ಮೇಲೇರಿ, ಮಂಜಿನಲ್ಲಿ ನಿಂತು, ಕಾಫಿ ಕುಡಿದು ಇಳಿದು ಬರುವುದು ನಮಗೆ ರೂಢಿ. ಆ ಬೆಟ್ಟದ ಬುಡವನ್ನು ಬಳಸಿ ಒಂದು ಹಳೆಯ ದಾರಿ ಇದೆ. ಅದರ ಹೆಸರು ನಂದಿಗಿರಿ ಪ್ರದಕ್ಷಿಣೆ. ಸುಮಾರು 15 ಕಿಲೋಮೀಟರ್. ಅಲ್ಲಿಗೆ ರೈಲಿನಲ್ಲೇ ಹೋಗಬಹುದು, ರೈಲಿನಲ್ಲೇ ಮರಳಬಹುದು. ಇವತ್ತು ನಿಮ್ಮನ್ನು ಆ ದಾರಿಗೆ ಕರೆಯಲೆಂದೇ ಬಂದಿದ್ದೇನೆ.

ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರೈಲು ಹತ್ತಿ. ಈ ಹಳಿ 1910ರ ದಶಕದಲ್ಲಿ ಹಾಕಿದ್ದು. ಆಗ ಅದು ಎರಡೂವರೆ ಅಡಿ ಅಗಲದ ನ್ಯಾರೋಗೇಜ್. ಈಗ ಬ್ರಾಡ್‌ಗೇಜ್ ಆಗಿದೆ, ವಿದ್ಯುತ್ ಬಂದಿದೆ. ಆದರೂ ದಾರಿಯುದ್ದಕ್ಕೂ ಕೆಲವು ನಿಲ್ದಾಣಗಳ ಹಳೆಯ ಹೆಂಚಿನ ಕಟ್ಟಡಗಳು ಉಳಿದುಕೊಂಡಿವೆ. ದೇವನಹಳ್ಳಿ ದಾಟಿದ ಮೇಲೆ ಎಡಗಡೆಯ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಮೊದಲು ಬೂದುಬಣ್ಣದ ಒಂದು ಗೆರೆ, ಆಮೇಲೆ ಒಂದು ಬೆನ್ನು, ಕೊನೆಗೆ ಇಡೀ ಬೆಟ್ಟ. ನಂದಿ ಹಾಲ್ಟ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕು. ರೈಲು ಮುಂದಕ್ಕೆ ಹೋದ ಮೇಲೆ ಅಲ್ಲಿ ಕೇಳಿಸುವುದು ಮೈನಾಗಳ ಜಗಳವೊಂದೇ.

ನಿಲ್ದಾಣದಿಂದ ಅರ್ಧ ಗಂಟೆ ನಡೆದರೆ ನಂದಿ ಗ್ರಾಮ, ಭೋಗನಂದೀಶ್ವರನ ಗುಡಿ. 9ನೆಯ ಶತಮಾನದಷ್ಟು ಹಳೆಯದು. ಒಂದೇ ಆವರಣದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ, ಇಬ್ಬರ ನಡುವೆ ಉಮಾಮಹೇಶ್ವರ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ. ಬುಡದಲ್ಲಿ ಭೋಗ, ತುದಿಯಲ್ಲಿ ಯೋಗ ಎಂದು ಹಿರಿಯರು ಹೇಳುತ್ತಾರೆ. ತಿರುವಣ್ಣಾಮಲೈಯಲ್ಲಿ ಅರುಣಾಚಲ ಬೆಟ್ಟವನ್ನು ಸುತ್ತಿದವರಿಗೆ ಇಲ್ಲಿ ಆ ಹೆಸರನ್ನು ಕಂಡಾಗ ಕಾಲು ತಾನಾಗಿ ಬೆಟ್ಟದ ಕಡೆಗೆ ತಿರುಗುತ್ತದೆ. ಆಷಾಢದ ಕೊನೆಯ ಸೋಮವಾರ ಸಾವಿರಾರು ಜನ ಈ ಗುಡಿಯಿಂದಲೇ ಪ್ರದಕ್ಷಿಣೆಗೆ ಹೊರಡುತ್ತಾರೆ. ಅವತ್ತು ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ. ಭಕ್ತಿಗೆ ಅದು ಸರಿಯಾದ ದಿನ. ಕಾಡನ್ನೂ ಹೊಲವನ್ನೂ ನೋಡಬೇಕೆನ್ನುವವರು ಬೇರೊಂದು ದಿನ ಬರುವುದು ಒಳ್ಳೆಯದು. ನಾನೂ ನನ್ನ ನಾದಿನಿಯೂ ಹೋದದ್ದು ಕಾರ್ತಿಕದಲ್ಲಿ.

ದಾರಿ ತಪ್ಪದಿರಲು ಒಂದೇ ಸೂತ್ರ ಸಾಕು: ಬೆಟ್ಟ ಯಾವಾಗಲೂ ನಿಮ್ಮ ಬಲಗೈಯ ಕಡೆಗೇ ಇರಬೇಕು. ಕಾರಹಳ್ಳಿ ಕ್ರಾಸ್ ಕಡೆಗೆ ಸಾಗಿ, ಕುಡುವತಿ, ಸುಲ್ತಾನಪೇಟೆ ಹಾದು ಮತ್ತೆ ನಂದಿಗೆ. ಮೊದಲ ಭಾಗದಲ್ಲಿ ವಾಹನಗಳ ಕಾಟವಿದೆ. ಅದನ್ನು ಬೇಗ ದಾಟಿಬಿಡಿ.

ಆಮೇಲೆ ಶುರುವಾಗುತ್ತದೆ ಬೆಟ್ಟದ ನಿಜವಾದ ಪರಿಚಯ. 1,478 ಮೀಟರ್ ಎತ್ತರದ ಈ ಬೆಟ್ಟ ಎಲ್ಲ ದಿಕ್ಕಿನಿಂದಲೂ ಒಂದೇ ಎಂದು ನಾನು ತಿಳಿದಿದ್ದೆ. ರೈಲಿನಿಂದ ಕಂಡದ್ದು ಮಲಗಿದ ಬಸವ. ಇನ್ನೊಂದು ತಿರುವಿನಲ್ಲಿ ಅದು ಬರೀ ಬಂಡೆ, ಹುಲ್ಲುಕಡ್ಡಿಗೂ ಹಿಡಿತ ಸಿಗದಂಥ ನೆಟ್ಟನೆಯ ಗೋಡೆ. ಪಡುವಲಿಗೆ ಬಂದಾಗ ಮಾತ್ರ ಇಳಿಜಾರು ಸ್ವಲ್ಪ ಸೌಮ್ಯವಾಗುತ್ತದೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಬೆಟ್ಟದ ಮೇಲಿನ ಟಿಪ್ಪುವಿನ ಕೋಟೆಗೆ ಲಗ್ಗೆ ಹಾಕಿದ್ದು ಈ ಪಡುವಣ ಮಗ್ಗುಲಿನಿಂದಲೇ. ಉಳಿದ ಮೂರು ಕಡೆಯೂ ಬೆಟ್ಟವೇ ಕಾವಲು ನಿಂತಿತ್ತು. ಮೇಲೆ ನಿಂತು ಫಲಕ ಓದಿದಾಗ ಇದು ತಲೆಗೆ ಹೋಗಿರಲಿಲ್ಲ. ಕೆಳಗೆ ನಡೆದಾಗ ಕಾಲಿಗೆ ಅರ್ಥವಾಯಿತು.

ಬುಡದ ಕುರುಚಲು ಕಾಡಿನಲ್ಲಿ ಹೊಂಗೆ, ಮುತ್ತುಗ, ಕಾಡುಸೀತಾಫಲ, ಎಲ್ಲವನ್ನೂ ತಬ್ಬಿಕೊಂಡ ಲಂಟಾನ. ನಡುನಡುವೆ ನೀಲಗಿರಿ ತೋಪು. ಬಂಡೆಗಳ ಪಕ್ಕದ ಪೊದೆಯಲ್ಲಿ ಒಂದು ಹಕ್ಕಿ ಕೂಗಿದರೆ ದಯವಿಟ್ಟು ನಿಲ್ಲಿ. ಹಳದಿ ಕೊರಳಿನ ಪಿಕಳಾರ ಇರಬಹುದು. ನಮ್ಮ ಹಿತ್ತಿಲಿನ ಪಿಕಳಾರದ ದಾಯಾದಿ ಅದು. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಮಗೆ ಅದು ಮೂರು ಕ್ಷಣ ಕಂಡಿತು: ಬೂದು ಮೈ, ಅರಿಸಿನ ಬಳಿದ ಹಾಗೆ ತಲೆ ಮತ್ತು ಕೊರಳು. ನಾದಿನಿ ನನ್ನ ಮೊಣಕೈ ಹಿಡಿದು ಉಸಿರು ಬಿಗಿಹಿಡಿದಳು. ಮೊಬೈಲ್ ತೆಗೆಯುವಷ್ಟರಲ್ಲಿ ಹಾರಿಹೋಯಿತು. ಹೋಗಲಿ, ಕಣ್ಣಲ್ಲಿ ಇದೆ.

ದಾರಿಗೆ ಅಡ್ಡಲಾಗಿ ಹಳ್ಳಗಳು ಸಿಗುತ್ತವೆ. ಹೆಚ್ಚಿನವು ಒಣಗಿದ ಮರಳು. ಅರ್ಕಾವತಿ ಹುಟ್ಟುವುದು ಈ ಬೆಟ್ಟಸೀಮೆಯಲ್ಲೇ. ಉತ್ತರ ಪಿನಾಕಿನಿ ಬಂಗಾಳ ಕೊಲ್ಲಿಗೆ ಹೊರಡುವುದೂ ಇಲ್ಲಿಂದಲೇ. ಅಂಥ ನೀರಿನ ತವರುಮನೆಯಲ್ಲಿ ಬರಿಮರಳಿನ ಮೇಲೆ ಚಪ್ಪಲಿ ಊರಿ ದಾಟುವಾಗ ನನಗೆ ಸಂಕಟವಾಯಿತು. ನೆಲದಡಿಯ ನೀರನ್ನು ಹೀರುತ್ತದೆ ಎಂಬ ಕಾರಣಕ್ಕೆ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಲಾಯಿತು. ಹಳೆಯ ತೋಪುಗಳು ಇನ್ನೂ ನಿಂತಿವೆ. ಇದೇ ಬೆಟ್ಟ 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಕುಸಿದು, ಮೇಲಿನ ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಆ ನೀರು ಇಳಿದು ಬರುವ ಹಾದಿಗಳನ್ನು ಕೆಳಗಿನಿಂದ ಒಮ್ಮೆ ನೋಡಿದವರು ಬೆಟ್ಟದ ಮೇಲೆ ಇನ್ನಷ್ಟು ಕಾಂಕ್ರೀಟ್ ಬೇಕೆಂದು ಕೇಳಲಾರರು.

ಕಾಡು ಬಿಟ್ಟರೆ ಹೊಲ. ದ್ರಾಕ್ಷಿ ಚಪ್ಪರ, ಸೇವಂತಿಗೆ, ರಾಗಿ, ಹಿಪ್ಪುನೇರಳೆ. ಒಂದು ಹಳ್ಳಿಯಲ್ಲಿ ಮನೆಯ ಮುಂದೆ ನೆರಳಿಗೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಅಂದರೆ ಚಂದ್ರಿಕೆಗಳನ್ನು, ಸಾಲಾಗಿ ಒರಗಿಸಿದ್ದರು. ಹೊಸ್ತಿಲಲ್ಲಿ ಕುಳಿತಿದ್ದ ಹೆಂಗಸು ತೆಲುಗು ಬೆರೆತ ಕನ್ನಡದಲ್ಲಿ, “ಬನ್ನಿ ಅಕ್ಕ, ಕೂತು ನೀರು ಕುಡಿದು ಹೋಗಿ” ಎಂದು ಕರೆದಳು. ತಂಬಿಗೆ ಕೈಗೆ ಬಂದರೂ ನನ್ನ ಕಣ್ಣೆಲ್ಲ ಚಂದ್ರಿಕೆಯ ಮೇಲೆ. ಸುರುಳಿ ಸುರುಳಿಯಾಗಿ ಸುತ್ತಿದ ಬಿದಿರ ಪಟ್ಟಿಯ ನಡುವೆ ಹಣ್ಣಾದ ಹುಳುಗಳು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಹಳದಿ ತಿರುಗಿ, ಬೆಳಕು ಹಾಯುವಷ್ಟು ತಿಳಿಯಾಗಿದ್ದವು. ಒಂದು ಹುಳು ಆಗಲೇ ಎಳೆ ಬಿಡತೊಡಗಿತ್ತು. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ, 8 ಅಂಕಿ ಬರೆದ ಹಾಗೆ ಬರೆಯುತ್ತಾ ತನ್ನ ಸುತ್ತ ತಾನೇ ಮಂಜು ಕಟ್ಟಿಕೊಳ್ಳುತ್ತಿತ್ತು. “ನಾಳೆ ನಾಳಿದ್ದಕ್ಕೆ ಗೂಡು ಗಟ್ಟಿ ಆಗುತ್ತೆ. ಈ ಸಲ ಒಳ್ಳೆ ರೇಟು ಸಿಗಲಿ ಅಂತ ನಂದೀಶ್ವರನಿಗೆ ಹರಕೆ ಹೊತ್ತಿದ್ದೀನಿ” ಎಂದಳು ಆಕೆ. ಹೊರಡುವಾಗ ಎರಡು ಗೊಂಚಲು ನೀಲಿ ದ್ರಾಕ್ಷಿಯನ್ನು ನಾದಿನಿಯ ಚೀಲಕ್ಕೆ ಹಾಕಿ, ಹಣ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಹೋಗುವವರಿಗೆ ಒಂದೆರಡು ಮಾತು. ಈ ಹಾದಿಯಲ್ಲಿ ರೈಲುಗಳು ಕಡಿಮೆ; ಮರಳುವ ರೈಲಿನ ಸಮಯವನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ನಿಲ್ದಾಣಕ್ಕೆ ಬೇಗ ತಲುಪುವ ಆಸೆಗೆ ಹಳಿಯ ಮೇಲೆ ನಡೆಯಬೇಡಿ, ಅದು ಪ್ರಾಣಕ್ಕೂ ಅಪಾಯ, ಕಾನೂನಿಗೂ ವಿರುದ್ಧ. ನಿಧಾನವಾಗಿ ನಡೆದರೆ ಐದಾರು ಗಂಟೆ ಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಬುತ್ತಿ, ತಲೆಗೆ ಟೋಪಿ. ಬೇಸಿಗೆಯಲ್ಲಿ ಬೇಡ, ಬಂಡೆ ಕಾದರೆ ಒಲೆಯಂತಾಗುತ್ತದೆ.

ಸುಲ್ತಾನಪೇಟೆಯ ಹತ್ತಿರ ಮೇಲೆ ಹತ್ತುವ ಹಳೆಯ ಮೆಟ್ಟಿಲುಗಳು ಕಂಡವು. ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹತ್ತಲಿಲ್ಲ. ಗುಡಿಯ ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕುಳಿತು ದ್ರಾಕ್ಷಿ ತಿಂದು ಮುಗಿಸಿ, ನಂದಿ ಹಾಲ್ಟಿಗೆ ನಡೆದೆವು. ಸಂಜೆಯ ರೈಲಿನಲ್ಲಿ ನಾದಿನಿ ಕಿಟಕಿಗೆ ತಲೆ ಕೊಟ್ಟು ನಿದ್ದೆಹೋದಳು. ರೈಲು ದೇವನಹಳ್ಳಿಯ ಕಡೆಗೆ ಹೊರಳಿತು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡ ಬೆಟ್ಟ ಕಪ್ಪಗೆ, ಬಹಳ ಹೊತ್ತು ನಮ್ಮ ಜೊತೆಗೇ ಬಂತು. ಅದು ಆಗಲೂ ನಮ್ಮ ಬಲಗಡೆಗೇ ಇತ್ತು.

ನಮಸ್ಕಾರ.