ಬೀಡಿ ಬಿಡಿಸಿದ್ದಕ್ಕೆ ಕೋಡ್ ಏನು?

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಮೊದಲ ಸಾಲಿನಲ್ಲಿ ಕುರ್ಚಿಗಳು ಖಾಲಿ ಇವೆ. ಗಣ್ಯರಿಗೆ ಅಂತ ಇಟ್ಟಿದ್ದರು. ಗಣ್ಯರು ಹಾರ ಹಾಕಿಸಿಕೊಂಡು ಹೊರಟುಹೋದರು.

ಹುಣಸೂರಿನಲ್ಲಿ ನಿಂತು ತಂಬಾಕಿನ ವಿರುದ್ಧ ಮಾತಾಡು ಅನ್ನುವುದು, ಮಾವನ ಮನೆಯಲ್ಲಿ ಊಟಕ್ಕೆ ಕೂತು ಮಾವನನ್ನೇ ಬೈಯಿ ಅಂದ ಹಾಗೆ. ಇಲ್ಲಿ ಅರ್ಧ ಜನರ ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇರಬಹುದು. ಮಕ್ಕಳ ಫೀಸು, ಮಗಳ ಮದುವೆ, ಹೊಸ ಮನೆ ಎಲ್ಲಾ ಹರಾಜು ಮಾರುಕಟ್ಟೆಯಿಂದ ಬಂದದ್ದು. ಹಾಗಾಗಿ ಬೆಳೆಯ ತಂಟೆಗೆ ಈಗಲೇ ಹೋಗುವುದಿಲ್ಲ. ಕೊನೆಗೆ ಟೈಮ್ ಉಳಿದರೆ ನೋಡೋಣ. ನನ್ನ ವಿಷಯ ಬಿಲ್ಲು. ಸೇದಿದವರ ಆಸ್ಪತ್ರೆ ಬಿಲ್ಲು ಯಾರ ತಲೆಗೆ ಬರುತ್ತೆ ಅನ್ನುವುದು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದವನು. ಅಂಕಿಅಂಶಕ್ಕಿಂತ ಮೊದಲು ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಆತನಿಗೆ ಆಗ 41 ವರ್ಷ. ಸ್ವಂತ ಹೊಲ ಇಲ್ಲ, ಬೇರೆಯವರ ಬ್ಯಾರನ್‌ನಲ್ಲಿ ಒಲೆಗೆ ಸೌದೆ ಹಾಕುವ ಕೆಲಸ. ಸೊಪ್ಪು ಬೇಯುವಾಗ ಬೆಂಕಿಯ ಹದ ತಪ್ಪಬಾರದು, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಐದಾರು ದಿನ ಹಗಲು ರಾತ್ರಿ ಒಲೆ ಕಾಯಬೇಕು. ನಿದ್ದೆ ಬರಬಾರದು ಅಂತ ಬೀಡಿ. ದಿನಕ್ಕೆ ಎರಡು ಕಟ್ಟು. ಯಾರೋ ನಗುತ್ತಿದ್ದೀರಿ. ಹೌದು, ನಮ್ಮ ವರ್ಜೀನಿಯಾ ಸೊಪ್ಪು ಸಿಗರೇಟಿಗೆ ಹೋಗುವುದು, ಬೀಡಿಗಲ್ಲ. ಬೀಡಿ ತಂಬಾಕು ನಿಪ್ಪಾಣಿ ಕಡೆಯದ್ದು, ಒಪ್ಪಿದೆ. ಈತ ಸಿಗರೇಟಿನ ಸೊಪ್ಪು ಬೇಯಿಸುತ್ತಾ ಬೀಡಿ ಸೇದುತ್ತಿದ್ದ, ಅಷ್ಟೇ.

ಬಂದಾಗ ಎಡಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಬರ್ಗರ್ಸ್ ಕಾಯಿಲೆ. ತಿನ್ನುವ ಬರ್ಗರ್ ಅಲ್ಲ ಮಕ್ಕಳೇ. ಕೈಕಾಲಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ, ರಕ್ತ ಹೋಗದೆ ಬೆರಳು ಸಾಯುತ್ತೆ. ತಂಬಾಕು ಮುಟ್ಟದವರಿಗೆ ಈ ಕಾಯಿಲೆ ಬರುವುದೇ ಇಲ್ಲ ಅನ್ನಬಹುದು. ಬಿಟ್ಟವರಿಗೆ ಕಾಲು ಹೋಗುವುದೂ ತೀರಾ ಅಪರೂಪ. ಮದ್ದು ಅಂದರೆ ಬೀಡಿ ಬಿಡುವುದೇ.

ರಾತ್ರಿ ರೌಂಡ್ಸ್‌ಗೆ ಹೋದರೆ ವಾರ್ಡಿನಲ್ಲಿ ಎಲ್ಲರೂ ಮಲಗಿರುತ್ತಿದ್ದರು. ಈತ ಮಾತ್ರ ಮಂಚದ ಅಂಚಿನಲ್ಲಿ ಕೂತು ಕಾಲನ್ನು ಕೆಳಗೆ ಇಳಿಬಿಟ್ಟುಕೊಂಡಿರುತ್ತಿದ್ದ. ಮಲಗಿದರೆ ರಕ್ತ ಕಾಲಿಗೆ ಇಳಿಯುವುದಿಲ್ಲ, ನೋವು ಜಾಸ್ತಿ. ಎರಡೂ ಕೈಯಲ್ಲಿ ಪಾದ ಹಿಡಿದುಕೊಂಡು ಸಣ್ಣ ಮಗುವನ್ನು ತಟ್ಟುವ ಹಾಗೆ ತಟ್ಟುತ್ತಿದ್ದ.

ಬೆರಳು ತೆಗೆದೆವು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ಬಾಗಿಲ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡು ಕೂರುವ ಆರೋಗ್ಯಮಿತ್ರ ಹುಡುಗಿ ಆಧಾರ್ ನೋಡಿದಳು, ಕಾರ್ಡ್ ನೋಡಿದಳು, ಯೋಜನೆಯಿಂದ ದುಡ್ಡು ಬರಲು ಆ ಚಿಕಿತ್ಸೆಯ ಕೋಡ್ ಹಾಕಿದಳು. ಆತನ ಹೆಂಡತಿ ಒಂದು ಪೈಸೆ ಕೊಡಲಿಲ್ಲ. ಇದು ಸಣ್ಣ ಮಾತಲ್ಲ. ಮೊದಲಾಗಿದ್ದರೆ ಕಿವಿಯ ಓಲೆ ಅಡವಿಗೆ ಹೋಗುತ್ತಿತ್ತು. ಯೋಜನೆಯನ್ನು ಬೈಯಲು ನಾನು ಬಂದಿಲ್ಲ, ಇದು ನೆನಪಿರಲಿ.

ಡಿಸ್ಚಾರ್ಜ್ ದಿನ ನಾನು ಹೇಳಿದ್ದು ಒಂದೇ ಮಾತು. "ಬೀಡಿ ಬಿಡಪ್ಪಾ." ಆತ "ಆಯ್ತು ಸಾರ್" ಅಂದ. ನಾನು ಮುಂದಿನ ಮಂಚಕ್ಕೆ ಹೋದೆ.

11 ತಿಂಗಳಿಗೆ ವಾಪಸ್ ಬಂದ. ಇನ್ನೂ ಮೂರು ಬೆರಳು. ಮತ್ತೆ ಅದೇ ಕಿಟಕಿ, ಅದೇ ಹುಡುಗಿ, ಇನ್ನೊಂದು ಕ್ಲೇಮು. ಮತ್ತೆ "ಬೀಡಿ ಬಿಡಪ್ಪಾ". ಮೂರನೇ ಸಲ ಬಂದಾಗ ನಮ್ಮ ಕೈಲಾಗಲಿಲ್ಲ, ಮೈಸೂರಿಗೆ ರೆಫರಲ್ ಬರೆದೆ. ಮೊಣಕಾಲಿನ ಕೆಳಗೆ ಕತ್ತರಿಸಿದರು.

ರೆಫರಲ್ ಹಾಳೆಗೆ ಸೀಲು ಹಾಕುವಾಗ ಆ ಹುಡುಗಿ ಕೇಳಿದಳು: "ಸರ್, ಬೆರಳು ತೆಗೆದಿದ್ದಕ್ಕೆ ಕೋಡ್ ಇದೆ, ಕಾಲು ತೆಗೆಯೋದಕ್ಕೂ ಇದೆ. ಬೀಡಿ ಬಿಡಿಸಿದ್ದಕ್ಕೆ ಕೋಡ್ ಏನು?"

ನಾನು ನಕ್ಕೆ. ಆಮೇಲೆ ಮನೆಗೆ ಹೋಗಿ ಊಟ ಸೇರಲಿಲ್ಲ.

ಕೋಡ್ ಇಲ್ಲ. ಪಟ್ಟಿಯಲ್ಲಿ ಸಾವಿರಕ್ಕೂ ಜಾಸ್ತಿ ಚಿಕಿತ್ಸೆಗಳಿವೆ. ಬೈಪಾಸ್ ಇದೆ, ಸ್ಟೆಂಟ್ ಇದೆ, ಗಂಟಲು ಕ್ಯಾನ್ಸರಿಗೆ ರೇಡಿಯೇಷನ್ ಇದೆ. ಒಬ್ಬನನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ, ನಿಕೋಟಿನ್ ಗಮ್ ಕೊಟ್ಟು, ವಾರ ಬಿಟ್ಟು ಫೋನ್ ಮಾಡಿ ವಿಚಾರಿಸುವುದಕ್ಕೆ ಇಲ್ಲ. ಕಾರಣ ಸರಳ. ಇಂಥ ಯೋಜನೆಗಳು ಮಂಚ ಹಿಡಿದವರಿಗೆ ಅಂತಲೇ ಮಾಡಿದ್ದು. ಹೊರರೋಗಿಗೆ ಕ್ಲೇಮ್ ಇಲ್ಲ. ತಂಬಾಕು ಬಿಡಿಸಲು ಸರ್ಕಾರದ ಬೇರೆ ಕಾರ್ಯಕ್ರಮ ಇದೆ, 2007ರಿಂದಲೂ ಇದೆ. ಆದರೆ ಅದರ ದುಡ್ಡು ಬೇರೆ ಚೀಲದ್ದು. ಕಾಲು ಕತ್ತರಿಸುವ ಚೀಲಕ್ಕೂ ಬೀಡಿ ಬಿಡಿಸುವ ಚೀಲಕ್ಕೂ ಮಾತಿಲ್ಲ, ಕಥೆಯಿಲ್ಲ.

ಈಗ ಅಂಕಿ. ತಂಬಾಕಿನಿಂದ 35 ದಾಟಿದವರಿಗೆ ಬಂದ ಕಾಯಿಲೆ, ಸಾವುಗಳಿಂದ 2017–18ರಲ್ಲಿ ನಮ್ಮ ದೇಶಕ್ಕೆ ಆದ ನಷ್ಟ 1,77,341 ಕೋಟಿ ರೂಪಾಯಿ ಅಂತ ಒಂದು ಅಧ್ಯಯನ ಲೆಕ್ಕ ಹಾಕಿದೆ. ಜಿಡಿಪಿಯ ಶೇ 1. ಅದರಲ್ಲಿ ನಾಲ್ಕನೇ ಮೂರು ಪಾಲು ಸೇದುವುದರಿಂದ, ಉಳಿದದ್ದು ಜಗಿಯುವುದರಿಂದ. ತಂಬಾಕಿನ ಅಬಕಾರಿ ತೆರಿಗೆಯಾಗಿ 100 ರೂಪಾಯಿ ಬಂದರೆ ಸಮಾಜಕ್ಕೆ 816 ರೂಪಾಯಿ ಖರ್ಚು. "ಸೇದುವವರಿಂದಲೇ ಸರ್ಕಾರ ನಡೆಯುತ್ತೆ" ಅಂತ ಟೀ ಅಂಗಡಿಯಲ್ಲಿ ಹೇಳುವವರಿಗೆ ಈ ಎರಡು ಸಂಖ್ಯೆ ಸಾಕು.

ಇಲ್ಲಿ ಒಬ್ಬ ಜಾಣ ಎದ್ದು ಕೇಳಬಹುದು. "ಸಾರ್, ಸೇದುವವರು ಬೇಗ ಸಾಯ್ತಾರೆ. ಪಿಂಚಣಿ ಉಳಿಯುತ್ತೆ, ಮುದಿ ವಯಸ್ಸಿನ ಆಸ್ಪತ್ರೆ ಖರ್ಚು ಉಳಿಯುತ್ತೆ. ಲಾಭ ಅಲ್ವಾ?" ತಮಾಷೆ ಅಲ್ಲ, ಇದನ್ನು ನಿಜವಾಗಲೂ ಲೆಕ್ಕ ಹಾಕಿಸಿದ್ದರು. ಫಿಲಿಪ್ ಮಾರಿಸ್ ಕಂಪನಿ ಜೆಕ್ ಗಣರಾಜ್ಯದ ಬಗ್ಗೆ ವರದಿ ಬರೆಸಿತು. 1999ರಲ್ಲಿ ಧೂಮಪಾನದಿಂದ ಸರ್ಕಾರಕ್ಕೆ ನಿವ್ವಳ 580 ಕೋಟಿ ಕೊರುನಾ ಲಾಭ ಅಂತ ಅದರಲ್ಲಿತ್ತು. ತೆರಿಗೆಯ ಜೊತೆಗೆ, ಜನ ಬೇಗ ಸತ್ತು ಉಳಿಸಿದ ದುಡ್ಡನ್ನೂ ಲಾಭದ ಕಡೆ ಬರೆದುಕೊಂಡಿದ್ದರು. 2001ರಲ್ಲಿ ವರದಿ ಹೊರಬಿದ್ದು ಜಗತ್ತೆಲ್ಲಾ ಉಗಿದ ಮೇಲೆ ಕಂಪನಿ ಕ್ಷಮೆ ಕೇಳಿತು. ನಮ್ಮಲ್ಲಿ ಈ ಲೆಕ್ಕವೂ ನಡೆಯಲ್ಲ ಬಿಡಿ. ನನ್ನ ರೋಗಿಗೆ ಯಾವ ಪಿಂಚಣಿ ಬರುತ್ತಿತ್ತು ಉಳಿಸೋಕೆ? ಆತ ಸಾಯಲೂ ಇಲ್ಲ. 43ಕ್ಕೆ ಕಾಲಿಲ್ಲದೆ ಮನೆಯಲ್ಲಿ ಕೂತ. ಹೆಂಡತಿ ಕೂಲಿಗೆ, ದೊಡ್ಡ ಮಗ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ. ಆಸ್ಪತ್ರೆಯ ಕ್ಲೇಮಿನಲ್ಲಿ ಇದು ಬರುವುದಿಲ್ಲ.

ಇನ್ನೊಬ್ಬರು ಹೇಳುತ್ತಾರೆ, ಸೇದುವವರಿಗೆ ಯೋಜನೆಯೇ ಬೇಡ, ಕಾರ್ಡ್ ಕಿತ್ಕೊಳ್ಳಿ ಅಂತ. ಒಬ್ಬ ರೋಟರಿ ಗೆಳೆಯರು ನನ್ನ ಮುಂದೆಯೇ ಹೇಳಿದರು, ಕೈಯಲ್ಲಿ ಸಿಗರೇಟ್ ಹಿಡಿದುಕೊಂಡು. ಅವರದ್ದು ಖಾಸಗಿ ಪಾಲಿಸಿ, ಅದಕ್ಕೆ ಧೈರ್ಯ. ಬೇಡ ಸ್ವಾಮಿ. ಬ್ಯಾರನ್ ಮುಂದೆ ಹದಿನೈದನೇ ವಯಸ್ಸಿಗೆ ಮೊದಲ ಬೀಡಿ ಹಚ್ಚಿದ ಹುಡುಗನಿಗೆ ಶಿಕ್ಷೆ ಕೊಟ್ಟು ಯಾವ ಖಜಾನೆ ತುಂಬಬೇಕು?

ಬಿಡಿಸುವುದಕ್ಕೆ ದುಡ್ಡು ಹಾಕಿದರೆ ಏನಾಗುತ್ತೆ ಅನ್ನುವುದಕ್ಕೆ ಉದಾಹರಣೆ ಇದೆ. ಅಮೆರಿಕದಲ್ಲಿ ಬಡವರ ಸರ್ಕಾರಿ ವಿಮೆಗೆ ಮೆಡಿಕೇಡ್ ಅನ್ನುತ್ತಾರೆ. ಮ್ಯಾಸಚೂಸೆಟ್ಸ್ ರಾಜ್ಯ 2006ರಲ್ಲಿ ಈ ವಿಮೆಯೊಳಗೇ ತಂಬಾಕು ಬಿಡಿಸುವ ಔಷಧಿ ಮತ್ತು ಸಲಹೆಯನ್ನು ಸೇರಿಸಿತು. ಅಂದರೆ ಕೋಡ್ ಕೊಟ್ಟಿತು! ಎರಡೂವರೆ ವರ್ಷದಲ್ಲಿ ಆ ವಿಮೆಯವರಲ್ಲಿ ಸೇದುವವರು ಶೇ 38ರಿಂದ 28ಕ್ಕೆ ಇಳಿದರು. ಹಾಕಿದ ಒಂದೊಂದು ಡಾಲರಿಗೆ ಹೃದಯದ ಕಾಯಿಲೆಯ ಆಸ್ಪತ್ರೆ ಖರ್ಚಿನಲ್ಲೇ ಮೂರು ಡಾಲರಿಗೂ ಸ್ವಲ್ಪ ಜಾಸ್ತಿ ಉಳಿಯಿತು. ನಮ್ಮ ಆರೋಗ್ಯಮಿತ್ರ ಹುಡುಗಿ ಇದನ್ನು ಯಾವ ವರದಿಯನ್ನೂ ಓದದೆ ಹೇಳಿದ್ದಳು.

ಚೀಟಿ ಬಂತು. "ಹತ್ತು ನಿಮಿಷ" ಅಂತ ಬರೆದಿದ್ದಾರೆ. ಗಣ್ಯರಿಗೆ ಯಾರೂ ಚೀಟಿ ಕೊಡಲಿಲ್ಲ, ಇರಲಿ.

ಬಿಲ್ಲನ್ನು ಮಾರಿದವರಿಗೇ ಕಳಿಸಿದವರೂ ಇದ್ದಾರೆ. 1994ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯ ಕೇಸು ಹಾಕಿ ಶುರುಮಾಡಿತು, ನಮ್ಮ ಬಡವರ ಚಿಕಿತ್ಸೆಗೆ ನಾವು ಕಟ್ಟಿದ್ದನ್ನು ನೀವು ಕೊಡಿ ಅಂತ. 1998ರಲ್ಲಿ 46 ರಾಜ್ಯಗಳ ಜೊತೆ ಕಂಪನಿಗಳು ಒಪ್ಪಂದಕ್ಕೆ ಬಂದವು. 25 ವರ್ಷಕ್ಕೆ 20,600 ಕೋಟಿ ಡಾಲರ್. ಅದರಲ್ಲಿ ಬಹುಪಾಲು ತಂಬಾಕು ಬಿಡಿಸೋಕೆ ಹೋಗಲೇ ಇಲ್ಲ, ಅದು ಬೇರೆ ದುಃಖ. ಕೆನಡಾದಲ್ಲಿ 2025ರಲ್ಲಿ 3,250 ಕೋಟಿ ಕೆನಡಾ ಡಾಲರಿನ ಇತ್ಯರ್ಥ ಆಯಿತು, ದೊಡ್ಡ ಪಾಲು ಪ್ರಾಂತ್ಯ ಸರ್ಕಾರಗಳಿಗೆ. ದಕ್ಷಿಣ ಕೊರಿಯಾದ ರಾಷ್ಟ್ರೀಯ ಆರೋಗ್ಯ ವಿಮೆ ಸಂಸ್ಥೆ 2014ರಲ್ಲಿ ಮೂರು ಕಂಪನಿಗಳ ಮೇಲೆ ಕೇಸು ಹಾಕಿ 2020ರಲ್ಲಿ ಸೋತಿತು. ಕೋರ್ಟು ಏನು ಹೇಳಿತು ಗೊತ್ತಾ? ರೋಗಿಗೆ ದುಡ್ಡು ಕಟ್ಟುವುದು ವಿಮೆಯ ಕರ್ತವ್ಯ, ಕರ್ತವ್ಯ ಮಾಡಿದ್ದನ್ನು ನಷ್ಟ ಅನ್ನೋಕಾಗಲ್ಲ ಅಂತ. ಕಾನೂನು ಇರಬಹುದು. ನನಗಂತೂ ನುಂಗೋಕಾಗಲಿಲ್ಲ.

ನಮ್ಮಲ್ಲಿ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಸಿಗರೇಟಿಗೆ ಏರಿಕೆ, ಬೀಡಿಗೆ ಇಳಿಕೆ. ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡಿನ ಪ್ರಶ್ನೆ ಇದೆ, ಇಲ್ಲ ಅನ್ನಲ್ಲ. ಆದರೆ ಒಂದು ಕೈ ಬೀಡಿಗೆ ತೆರಿಗೆ ಇಳಿಸುತ್ತೆ, ಇನ್ನೊಂದು ಕೈ ಕಾಲು ಕತ್ತರಿಸಲು ಕೋಡ್ ಹಾಕುತ್ತೆ. ಎರಡೂ ಒಂದೇ ಮೈಯ ಕೈಗಳು.

ಮತ್ತೆ ಚೀಟಿ. ಹೊಗೆಸೊಪ್ಪಿಗೆ ಪರ್ಯಾಯ ಬೆಳೆ, ಗುಟ್ಕಾ, ಇ-ಸಿಗರೇಟು ಎಲ್ಲಾ ಬರೆದುಕೊಂಡು ಬಂದಿದ್ದೆ. ಆಗಲ್ಲ. ಬೆಳೆಗಾರರು ಬಚಾವಾದಿರಿ.

ಎರಡೇ ಮಾತು. ಆಶಾ ಕಾರ್ಯಕರ್ತೆಯರು ಇದ್ದೀರಿ, ನಂಬರ್ ಬರೆದುಕೊಳ್ಳಿ: 1800 11 2356. ತಂಬಾಕು ಬಿಡಬೇಕು ಅನ್ನುವವರಿಗೆ ಫೋನಿನಲ್ಲಿ ಸಲಹೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ. ನಮ್ಮ ಆ ಹುಡುಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು, ಡಿಸ್ಚಾರ್ಜ್ ಆಗುವ ಬೀಡಿ ಸೇದುವವರ ಹೆಸರು, ಫೋನ್ ಬರೆದುಕೊಳ್ಳೋಕೆ ಶುರುಮಾಡಿದ್ದಳು. ಶುಕ್ರವಾರ ಮಧ್ಯಾಹ್ನ ಒಬ್ಬೊಬ್ಬರಿಗೇ ಫೋನ್. "ಅಣ್ಣಾ, ಈ ವಾರ ಎಷ್ಟು?" ಅಷ್ಟೇ ಕೇಳುವುದು. ನಾನು ನಿವೃತ್ತನಾಗುವ ಹೊತ್ತಿಗೆ 64 ಹೆಸರಿದ್ದವು. 19 ಹೆಸರಿನ ಮುಂದೆ ಹಸಿರು ಪೆನ್ನಿನಲ್ಲಿ ಸೊನ್ನೆ ಹಾಕಿದ್ದಳು.

ಎರಡನೆಯದು, ಟೀ ಬಂದಿದೆಯಂತೆ. ಹೊರಗೆ ಹೋದ ತಕ್ಷಣ ಜೇಬಿಗೆ ಕೈ ಹಾಕುವವರಿಗೆ ಹೇಳುತ್ತಿದ್ದೇನೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ ಕರ್ನಾಟಕದಲ್ಲಿ ಈಗ 1000. ಪೊಲೀಸಿನವರು ಹಿಂದಿನ ಸಾಲಿನಲ್ಲೇ ಕೂತಿದ್ದಾರೆ, ನಾನು ನೋಡಿದೆ. ನಂಬರ್ ಇನ್ನೊಂದು ಸಲ ಹೇಳಲಾ? 1800 11 2356.